ಕೆಸರಿನ ಪರಾಗ ಎಣಿಸಿ ಸಾವಿರಾರು ವರ್ಷದ ಹಿಂದಿನ ಮಳೆಯನ್ನ ಮಿಲಿಮೀಟರ್‌ನಲ್ಲಿ ಹೇಳ್ತಾರಂತೆ, ನಂಬೋದಾ?

ಗಿರಿತೋಟ (ಭಾನುವಾರ, ರಾತ್ರಿ 9:12)

ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ವಿಜ್ಞಾನ ಪಿಯುಸಿಗೇ ನಿಂತಿದೆ, ಆದ್ರೆ ಮಳೆ ಲೆಕ್ಕ ನಮ್ಮ ಮನೆತನದ ಚಟ. ಅಜ್ಜ ಶುರು ಮಾಡಿದ ಮಳೆ ಪುಸ್ತಕ ಇವತ್ತಿಗೂ ನಡೀತಿದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಳೆಮಾಪಕ ನೋಡೋದು, ಇಂಚು-ಸೆಂಟಲ್ಲಿ ಬರೆಯೋದು, ಆಮೇಲೇ ಕಾಫಿ.

ಮೊನ್ನೆ ಟಿಬೆಟ್ ಪ್ರಸ್ಥಭೂಮಿ ಬಗ್ಗೆ ಒಂದು ಲೇಖನ ಓದಿದೆ. ಅಲ್ಲಿನ ಸರೋವರಗಳ ತಳದ ಕೆಸರಲ್ಲಿ ಹೂವಿನ ಪರಾಗ ಸಿಗುತ್ತಂತೆ, ಅದನ್ನ ಎಣಿಸಿ ಎಂಟು ಹತ್ತು ಸಾವಿರ ವರ್ಷದ ಹಿಂದೆ ವರ್ಷಕ್ಕೆ ಇಷ್ಟು ಮಿಲಿಮೀಟರ್ ಮಳೆ ಇತ್ತು ಅಂತ ಹೇಳ್ತಾರಂತೆ. "ಮಳೆ ಜಾಸ್ತಿ ಇತ್ತು, ಕಮ್ಮಿ ಇತ್ತು" ಅಂದಿದ್ರೆ ಸುಮ್ನೆ ಒಪ್ಕೊಳ್ತಿದ್ದೆ. ಮಿಲಿಮೀಟರ್ ಅಂದಾಗ ತಲೆ ಕೆಟ್ಟಿತು. ನನ್ನ ತೋಟದಲ್ಲೇ ಮೇಲಿನ ಮನೆ ಹತ್ರಕ್ಕೂ ಕೆಳಗಿನ ಗದ್ದೆ ಬಯಲಿಗೂ ವರ್ಷಕ್ಕೆ 20 ಇಂಚು ವ್ಯತ್ಯಾಸ. ಗುಡ್ಡದ ಆಚೆ ಭಾವನ ತೋಟದ್ದು ಬೇರೆಯೇ ಕಥೆ. ಎರಡು ಮಳೆಮಾಪಕ ಇಟ್ಕೊಂಡು ಈ ವರ್ಷದ್ದೇ ಒಂದು ಅಂಕಿ ಹೇಳೋಕೆ ನನಗೆ ಧೈರ್ಯ ಇಲ್ಲ. ಇವರು ಹೂವಿನ ಧೂಳು ನೋಡಿ ಹೇಗೆ ಹೇಳ್ತಾರೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಸುಮ್ನೆಓದುಗ (9:20)

ಹೇಳೋರು ಹೇಳ್ತಾರೆ ಸಾರ್, ಹೋಗಿ ಅಳೆದು ನೋಡೋರು ಯಾರಿದ್ದಾರೆ 😄

ಕೆಸರುಕೊಳವೆ (10:47)

ಗಿರಿತೋಟ ಅವರೇ, ಇದು ನನ್ನ ಹೊಟ್ಟೆಪಾಡು. ಶಿರಸಿ ಕಡೆಯವಳು, ವರ್ಷಗಟ್ಟಲೆ ಪರಾಗ ಎಣಿಸಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಕೂತೂ ಕೂತೂ ಕುತ್ತಿಗೆ ನೋವು ಬಂದಿದ್ದೊಂದು ಲಾಭ. ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ಬಿದ್ದಿದೆ, ಅದಕ್ಕೆ ಆಮೇಲೆ ಬರ್ತೇನೆ. ಮೊದಲು ಕೆಲಸ ಹೇಗೆ ನಡೆಯುತ್ತೆ ಅಂತ ಹೇಳಿಬಿಡ್ತೇನೆ.

ಪರಾಗಕಣದ ಹೊರಗಿನ ಚಿಪ್ಪು ಸ್ಪೋರೊಪೊಲೆನಿನ್ ಅನ್ನೋ ವಸ್ತುವಿನದು. ಗಾಳಿ ತಾಗದ ಕೆಸರಲ್ಲಿ ಬಿದ್ದರೆ ಸಾವಿರಾರು ವರ್ಷ ಕೊಳೆಯಲ್ಲ. ಎಷ್ಟು ಗಟ್ಟಿ ಅಂದ್ರೆ, ನಾವು ಕೆಸರನ್ನ ಕ್ಷಾರದಲ್ಲಿ ಬೇಯಿಸ್ತೇವೆ, ಮರಳಿನ ಅಂಶ ಕರಗಿಸೋಕೆ ಹೈಡ್ರೋಫ್ಲೋರಿಕ್ ಆಮ್ಲ ಹಾಕ್ತೇವೆ. ಆ ಆಮ್ಲ ಗಾಜನ್ನೇ ತಿನ್ನುತ್ತೆ, ಹಾಗಾಗಿ ಪ್ಲಾಸ್ಟಿಕ್ ಕೊಳವೆಯಲ್ಲೇ ಕೆಲಸ. ಇಷ್ಟಾದ್ರೂ ಪರಾಗದ ಚಿಪ್ಪು ಉಳಿಯುತ್ತೆ. ಆಮೇಲೆ ಗಾಜಿನ ಪಟ್ಟಿ ಮೇಲೆ ಹರಡಿ 400 ಪಟ್ಟು ದೊಡ್ಡದು ಮಾಡಿ, ಒಂದೊಂದೇ ಕಣ ಗುರುತಿಸಿ, ಒಂದು ಮಾದರಿಗೆ 300ರಿಂದ 500 ಕಣ ಎಣಿಸೋದು. ಹೀಗೆ ಎಣಿಸಿ ಶೇಕಡಾವಾರು ಲೆಕ್ಕ ಹಾಕೋ ಪದ್ಧತಿಯನ್ನ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಒಂದು ಉಪನ್ಯಾಸದಲ್ಲಿ ಮುಂದಿಟ್ಟರು. ಅವತ್ತಿಂದ ಇವತ್ತಿನವರೆಗೆ ಎಣಿಕೆಯ ಬೇಸರ ಮಾತ್ರ ಬದಲಾಗಿಲ್ಲ.

ಇಲ್ಲಿಗೆ ಸಿಕ್ಕಿದ್ದು ಬರೀ ಗಿಡಗಳ ಪಟ್ಟಿ. ಮಳೆ ಇನ್ನೂ ಬಂದಿಲ್ಲ. ಮಳೆ ಬೇಕಾದ್ರೆ ಮೊದಲು ಇವತ್ತಿನ ಕೆಸರು ಬೇಕು. ಜನ ಇದನ್ನೇ ಮರೀತಾರೆ. ಆಳದ ಕೆಸರು ಸುದ್ದಿಯಾಗುತ್ತೆ, ಮೇಲಿನ ಒಂದು ಸೆಂಟಿಮೀಟರ್ ಯಾರಿಗೂ ಬೇಡ. ಆ ಒಂದು ಸೆಂಟಿಮೀಟರ್ ಇಲ್ಲದೆ ಆಳದ್ದನ್ನ ಓದೋಕಾಗಲ್ಲ.

ಸರೋವರದ ತಳದ ಮೇಲ್ಪದರ ಅಂದ್ರೆ ಕಳೆದ ಕೆಲವು ವರ್ಷಗಳಿಂದ ಕೆಲವು ದಶಕಗಳವರೆಗಿನ ಪರಾಗ. ಆ ಸರೋವರದ ಸುತ್ತ ಇವತ್ತು ಮಳೆ ಎಷ್ಟು, ಬೇಸಿಗೆ ಬಿಸಿ ಎಷ್ಟು ಅಂತ ನಮಗೆ ಗೊತ್ತು, ಅಥವಾ ಗೊತ್ತು ಅಂದ್ಕೊಂಡಿದ್ದೇವೆ. ಒಣ ಜಾಗದಿಂದ ಹಸಿ ಜಾಗದವರೆಗೆ ನೂರಾರು ಸರೋವರಗಳಲ್ಲಿ ಹೀಗೆ ಮೇಲ್ಪದರ ತೆಗೆದು, ಯಾವ ಪರಾಗ ಯಾವ ಮಳೆಗೆ ಹೊಂದುತ್ತೆ ಅಂತ ಒಂದು ಕೋಷ್ಟಕ ಮಾಡ್ತಾರೆ. ಟಿಬೆಟ್‌ಗೆ ಇಂಥ ದೊಡ್ಡ ಕೋಷ್ಟಕವನ್ನ ಉಲ್ರಿಕೆ ಹರ್ಟ್ಸ್‌ಶೂ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದರು. 112 ಸರೋವರ. ವರ್ಷಕ್ಕೆ ಸುಮಾರು 30 ಮಿಲಿಮೀಟರ್ ಬೀಳೋ ಮರುಭೂಮಿಯಂಥ ಜಾಗದಿಂದ 1,000 ದಾಟೋ ಜಾಗದವರೆಗೆ. ಆ ಕೋಷ್ಟಕ ಹಿಡ್ಕೊಂಡು ಪ್ರಸ್ಥಭೂಮಿಯ ಈಶಾನ್ಯ ಅಂಚಿನ ಚೀನಾದ ಚಿಲಿಯನ್ (Qilian) ಪರ್ವತಸಾಲಿನ ಒಂದು ಸರೋವರದ ಹಳೇ ಪದರಗಳನ್ನ ಓದಿದರು.

ಗಿರಿತೋಟ (10:58)

ಮೇಡಂ, ಇಷ್ಟು ಬರೆದಿದ್ದಕ್ಕೆ ವಂದನೆ. ಮೇಲಿನ ಮಣ್ಣೇ ಬೇಕು ಅಂದ್ರೆ ಸರೋವರಕ್ಕೆ ಯಾಕೆ ಇಳೀಬೇಕು? ದಂಡೆ ಮೇಲಿನ ಮಣ್ಣು ಕೆರೆದು ತಗೊಂಡ್ರೆ ಆಗಲ್ವಾ? ಆ ಚಳಿಲಿ ದೋಣಿ ಹತ್ತೋದು ತಪ್ಪುತ್ತೆ.

ಕೆಸರುಕೊಳವೆ (11:15)

ಬಹಳ ಜನ ಅದನ್ನೇ ಮಾಡಿದ್ದಾರೆ, ಮಣ್ಣಿನ, ಪಾಚಿಯ ಮಾದರಿಗಳೇ ಹೆಚ್ಚು. ತೊಂದರೆ ಎರಡು. ಮಣ್ಣಿಗೆ ಗಾಳಿಯಾಡುತ್ತೆ, ಚಿಪ್ಪು ತೆಳ್ಳಗಿರೋ ಪರಾಗ ಹಾಳಾಗಿ ದಪ್ಪ ಚಿಪ್ಪಿನದು ಮಾತ್ರ ಉಳಿಯುತ್ತೆ. ಎರಡನೇದು ಇದಕ್ಕಿಂತ ಮುಖ್ಯ. ನೀವು ನಿಂತ ಜಾಗದಲ್ಲಿ ಒಂದು ಮಾಚಿಪತ್ರೆ ಗಿಡ ಇದ್ರೆ ಆ ಮಣ್ಣಲ್ಲಿ ಮಾಚಿಪತ್ರೆಯದೇ ರಾಜ್ಯ. ಹತ್ತು ಮಾರು ಆಚೆ ಹೋದ್ರೆ ಹುಲ್ಲಿನ ರಾಜ್ಯ. ಸರೋವರ ಹಾಗಲ್ಲ. ಸುತ್ತಲಿನ ಗುಡ್ಡ, ತೊರೆ, ಗಾಳಿ ಎಲ್ಲ ಸೇರಿ ತಂದದ್ದನ್ನ ಕಲಸಿ ತಳಕ್ಕೆ ಇಳಿಸುತ್ತೆ. ಚಿಕ್ಕ ಹೊಂಡವಾದರೆ ದಂಡೆಯ ಕಥೆ, ದೊಡ್ಡ ಸರೋವರವಾದರೆ ಇಡೀ ಸೀಮೆಯ ಕಥೆ.

ನಿಮಗೆ ಹತ್ತಿರದ ಉದಾಹರಣೆ ಕೊಡ್ತೇನೆ. 2022ರಲ್ಲಿ ಬಾಬಾಬುಡನ್‌ಗಿರಿಯಲ್ಲಿ ಕುರಿಂಜಿ ಹೂ ಬಿಟ್ಟಿದ್ದು ನೋಡಿರ್ತೀರಿ. ಆ ವರ್ಷ ಗುಡ್ಡದ ಪಾಚಿ ತೆಗೆದು ನೋಡಿದವರಿಗೆ ಲೋಕವೆಲ್ಲ ಕುರಿಂಜಿ. ಕೆಲವು ವರ್ಷ ಬಿಟ್ಟು ನೋಡಿದವರಿಗೆ ಕುರಿಂಜಿಯೇ ವಿರಳ. ಸರೋವರದ ಒಂದು ಸೆಂಟಿಮೀಟರ್ ಹೂ ಬಿಟ್ಟ ವರ್ಷ, ಬಿಡದ ವರ್ಷ ಎರಡನ್ನೂ ಸೇರಿಸಿ ಸರಾಸರಿ ಮಾಡಿ ಇಟ್ಟಿರುತ್ತೆ. ಹಳೇ ಪದರವೂ ಹಾಗೆ ಸರಾಸರಿ ಆದದ್ದೇ. ಸೇರಲ್ಲಿ ಅಳೆದದ್ದನ್ನ ಸೇರಿನ ಜೊತೆಗೇ ಹೋಲಿಸಬೇಕು, ಪಾವಿನ ಜೊತೆಗಲ್ಲ.

ದೋಣಿ ವಿಷಯ ಎತ್ತಿದ್ದಕ್ಕೆ ಹೇಳ್ತೇನೆ. ಟಿಬೆಟ್‌ಗೆ ನಾನು ಹೋಗಿಲ್ಲ, ಲಡಾಖ್‌ಗೆ ಹೋಗಿದ್ದೆ. 4,500 ಮೀಟರ್ ಎತ್ತರ, ಗಾಳಿ ತುಂಬಿದ ರಬ್ಬರ್ ದೋಣಿ, ಮೂರು ಜನ. ಬೆಳಿಗ್ಗೆ ನೀರು ಕನ್ನಡಿ. ಮಧ್ಯಾಹ್ನವಾದರೆ ಗಾಳಿ ಎದ್ದು ದೋಣಿ ದಂಡೆಗೆ ಬರೋದೇ ಇಲ್ಲ. ಒಂದು ಸೆಂಟಿಮೀಟರ್ ಕೆಸರಿಗೋಸ್ಕರ ಇಷ್ಟು ಕಷ್ಟ ಯಾಕೆ ಪಡ್ತೀಯ ಅಂತ ಅಮ್ಮ ಈಗಲೂ ಕೇಳ್ತಾಳೆ.

ಅಂಕಿಮನೆ (ಸೋಮವಾರ, ಬೆಳಿಗ್ಗೆ 7:30)

ಸಂಖ್ಯಾಶಾಸ್ತ್ರ ನನ್ನ ಕೆಲಸ, ಪರಾಗ ಅಲ್ಲ. ಆದ್ರೆ ಈ ಲೆಕ್ಕ ನಾನು ನೋಡಿದ್ದೇನೆ, ಸರಳವಾಗಿದೆ. ಗಿರಿತೋಟ ಅವರೇ, ಒಂದು ಚೀಟಿ ಮೇಲೆ ಮಾಡಬಹುದು.

ಇದು ನಾನು ಕಟ್ಟಿದ ಆಟದ ಅಂಕಿ, ನಿಜದ್ದಲ್ಲ. ಮೇಲ್ಪದರದ ಕೆಸರುಗಳನ್ನ ನೋಡಿ ಪ್ರತಿ ಗಿಡಕ್ಕೂ ಒಂದು "ಮೆಚ್ಚಿನ ಮಳೆ" ಕಂಡುಹಿಡೀತಾರೆ. ಅದರ ಪರಾಗ ಎಲ್ಲೆಲ್ಲಿ ಎಷ್ಟೆಷ್ಟು ಇದೆಯೋ ಅಷ್ಟು ತೂಕ ಕೊಟ್ಟು ಆ ಜಾಗಗಳ ಮಳೆಯ ಸರಾಸರಿ. ಚಕ್ಕೋತ ಸೊಪ್ಪಿನ ಕುಟುಂಬಕ್ಕೆ 150 ಮಿಮೀ, ಮಾಚಿಪತ್ರೆಗೆ 300, ಜೇಕಿಗೆ 500 ಬಂತು ಅನ್ನಿ. ಈಗ ಒಂದು ಹಳೇ ಪದರದಲ್ಲಿ ಚಕ್ಕೋತ 20%, ಮಾಚಿಪತ್ರೆ 50%, ಜೇಕು 30% ಸಿಕ್ಕಿತು. 30 + 150 + 150 = 330 ಮಿಮೀ. ಆಯ್ತು, ಮಿಲಿಮೀಟರ್ ಬಂತು.

ನಿಜದ ಲೆಕ್ಕದಲ್ಲಿ ಇನ್ನೆರಡು ಕೆಲಸ ಇದೆ. ಸರಾಸರಿಯ ಮೇಲೆ ಸರಾಸರಿ ತೆಗೆದರೆ ಎಲ್ಲ ಅಂಕಿಯೂ ನಡುವಿಗೆ ಕುಗ್ಗುತ್ತೆ: ತೀರಾ ಒಣ ಜಾಗ ಸ್ವಲ್ಪ ಹಸಿ ಥರ, ತೀರಾ ಹಸಿ ಜಾಗ ಸ್ವಲ್ಪ ಒಣ ಥರ ಕಾಣುತ್ತೆ. ಅದನ್ನ ಮತ್ತೆ ಹಿಗ್ಗಿಸಬೇಕು. ಗಿಡಗಳು ಒಂದಕ್ಕೊಂದು ಅಂಟಿಕೊಂಡು ಬರೋದರಿಂದ ಉಳಿಯೋ ತಪ್ಪನ್ನೂ ಸರಿಮಾಡಬೇಕು. ಅದಕ್ಕೆ ಟೆರ್ ಬ್ರಾಕ್, ಜಗಿನ್ಸ್ ಇಬ್ಬರೂ 1993ರಲ್ಲಿ ಮುಂದಿಟ್ಟ ವಿಧಾನವನ್ನೇ ಇವತ್ತಿಗೂ ಹೆಚ್ಚು ಜನ ಬಳಸ್ತಾರೆ.

ಪರೀಕ್ಷೆ ಹೇಗೆ ಅಂದ್ರೆ, ಒಂದು ಸರೋವರವನ್ನ ಮುಚ್ಚಿಟ್ಟು ಉಳಿದ 111ರಿಂದ ಅದರ ಮಳೆ ಹೇಳಿಸೋದು. ಗೊತ್ತಿರೋ ಮಳೆಗೆ ಎಷ್ಟು ಹತ್ತಿರ ಬಂತು ನೋಡೋದು. ಹೀಗೆ 112 ಸಲ.

ಇಲ್ಲಿ ಒಂದು ಮೋಸ ಇದೆ. ಪಕ್ಕಪಕ್ಕದ ಸರೋವರಗಳಿಗೆ ಮಳೆಯೂ ಒಂದೇ, ಪರಾಗವೂ ಒಂದೇ. ಒಂದನ್ನ ಮುಚ್ಚಿಟ್ರೂ ಪಕ್ಕದ್ದು ಉತ್ತರ ಉಸುರಿಬಿಡುತ್ತೆ. ಪರೀಕ್ಷೆ ಹಾಲ್‌ನಲ್ಲಿ ಅಣ್ಣ-ತಮ್ಮಂದಿರನ್ನ ಒಂದೇ ಬೆಂಚಲ್ಲಿ ಕೂರಿಸಿದ ಹಾಗೆ. ಟೆಲ್ಫರ್ಡ್ ಮತ್ತು ಬರ್ಕ್ಸ್ 2005ರಲ್ಲೇ ಇದನ್ನ ಎತ್ತಿ ತೋರಿಸಿದ್ದಾರೆ. ಹಾಗಾಗಿ ಯಾರಾದರೂ "ನಮ್ಮ ಲೆಕ್ಕದ ತಪ್ಪು ಇಷ್ಟೇ" ಅಂದಾಗ, ಅಕ್ಕಪಕ್ಕದವನ್ನೂ ಹೊರಗಿಟ್ಟು ಪರೀಕ್ಷೆ ಮಾಡಿದ್ರಾ ಅಂತ ಕೇಳಿ.

ಗಿರಿತೋಟ (7:52)

330 ನಾನೇ ಚೀಟಿ ಮೇಲೆ ಮಾಡಿ ನೋಡಿದೆ, ಸರಿ ಬಂತು 😀 ಚಕ್ಕೋತ ಸೊಪ್ಪು ಅಂದ್ರೆ ನಾವು ಸಾರು ಮಾಡೋದೇ?

ಕೆಸರುಕೊಳವೆ (8:40)

ಅದರದೇ ಕುಟುಂಬ. ಟಿಬೆಟ್‌ನ ಒಣ ಬಯಲಲ್ಲಿ, ಉಪ್ಪು ಮಣ್ಣಲ್ಲಿ ಅದರ ದಾಯಾದಿಗಳು ಬೆಳೀತವೆ. ಪರಾಗ ದುಂಡಗೆ, ಮೈತುಂಬ ತೂತು, ಗಾಲ್ಫ್ ಚೆಂಡಿನ ಥರ. ಒಂದು ಸಲ ನೋಡಿದ್ರೆ ಮರೆಯಲ್ಲ. ಮಾಚಿಪತ್ರೆಯ ಬಳಗವೂ ಅಷ್ಟೇ, ನಾವು ಹೂಮಾಲೆಗೆ ಕಟ್ಟೋದರ ದಾಯಾದಿಗಳೇ ಅಲ್ಲಿ ಹುಲ್ಲುಗಾವಲೆಲ್ಲ ಹಬ್ಬಿವೆ. ಇವೆರಡರ ಅನುಪಾತ ನೋಡಿಯೇ ಒಣಗಿತ್ತಾ ಹಸಿ ಇತ್ತಾ ಅಂತ ಹೇಳೋ ಹಳೇ ಅಡ್ಡದಾರಿ ಒಂದಿದೆ. ಮಾಚಿಪತ್ರೆ ಹೆಚ್ಚಾದ್ರೆ ಹಸಿ, ಚಕ್ಕೋತ ಹೆಚ್ಚಾದ್ರೆ ಒಣ. ಮರುಭೂಮಿ ಮತ್ತು ಒಣ ಹುಲ್ಲುಗಾವಲಿನ ನಡುವೆ ಮಾತ್ರ ಅದು ಕೆಲಸ ಮಾಡುತ್ತೆ. ಉಪ್ಪು ಸರೋವರದ ದಂಡೆ ತುಂಬ ಚಕ್ಕೋತದ ನೆಂಟರು ಬೆಳೆದಿದ್ರೆ ಮಳೆಗೂ ಅದಕ್ಕೂ ಸಂಬಂಧ ಇಲ್ಲ, ಅದು ಮಣ್ಣಿನ ಉಪ್ಪಿನ ಮಾತು.

ಟಿಬೆಟ್‌ನ ಒಂದು ಅನುಕೂಲ ಅಂದ್ರೆ ಅಲ್ಲಿನ ಮುಖ್ಯ ಗಿಡಗಳೆಲ್ಲ ಗಾಳಿಗೆ ಪರಾಗ ತೂರುವಂಥವು. ನಮ್ಮ ಘಟ್ಟದ ಕಾಡಿನ ಮರಗಳು ಹೆಚ್ಚಿನವು ಜೇನು, ದುಂಬಿ ನಂಬಿದವು, ಪರಾಗ ಕಮ್ಮಿ ಮಾಡ್ತವೆ, ಅದೂ ದೂರ ಹೋಗಲ್ಲ. ನೂರು ಜಾತಿ ಮರದ ಕೆಳಗೆ ಪಾಚಿ ತೆಗೆದರೂ ನಾಲ್ಕಾರು ಜಾತಿಯದೇ ಗದ್ದಲ.

ಬೈಲುಕುಪ್ಪೆ ಪಕ್ಕದವ (9:05)

ನಮ್ಮೂರ ಪಕ್ಕದಲ್ಲೇ ಟಿಬೆಟನ್ ಕ್ಯಾಂಪು, ಚಿಕ್ಕಂದಿನಿಂದ ಅವರ ಜೊತೆ ಒಡನಾಟ. ಒಬ್ಬ ಅಜ್ಜ, ಈಗಿಲ್ಲ, ಹುಡುಗನಾಗಿದ್ದಾಗ ಅಲ್ಲಿ ಯಾಕ್ ಮೇಯಿಸ್ತಿದ್ದೆ ಅಂತಿದ್ರು. "ತ್ಸೋ" ಅಂದ್ರೆ ಸರೋವರ ಅಂತ ಹೇಳಿಕೊಟ್ಟವರೂ ಅವರೇ.

ನನ್ನ ಪ್ರಶ್ನೆ ದನ ಕಾಯೋನ ಪ್ರಶ್ನೆ. ದನ ಮೇದ ಹುಲ್ಲು ಹೂ ಬಿಡಲ್ಲ. ಹೂ ಬಿಡದಿದ್ರೆ ಪರಾಗ ಎಲ್ಲಿಂದ? ಅಲ್ಲಿ ಯಾಕ್, ಕುರಿ ಮೇಯ್ದು ಬೋಳಾದ ಗುಡ್ಡದ ಕೆಳಗಿನ ಸರೋವರದಲ್ಲಿ ನೀವು ಇವತ್ತಿನ ಕೆಸರು ತೆಗೆದ್ರೆ, ಅದು ಮಳೆ ಹೇಳುತ್ತಾ, ಕುರಿ ಹೇಳುತ್ತಾ?

ಕೆಸರುಕೊಳವೆ (9:31)

ಅಣ್ಣಾ, ಇದೇ ಪ್ರಶ್ನೆಯನ್ನ ಮೌಖಿಕ ಪರೀಕ್ಷೆಯಲ್ಲಿ ನನಗೆ ಕೇಳಿದ್ರು, ಇಷ್ಟು ಚೆನ್ನಾಗಿ ಕೇಳಲಿಲ್ಲ.

ಕುರಿಯೂ ಹೇಳುತ್ತೆ. ಮೇವಿಗೆ ರುಚಿಯಾದ ಹುಲ್ಲು, ಜೇಕು ಮೊದಲು ಹೋಗುತ್ತೆ. ಕಹಿ, ಮುಳ್ಳು, ವಿಷದ ಗಿಡ ಉಳಿದು ಹೂ ಬಿಡುತ್ತೆ. ಇವತ್ತಿನ ಕೋಷ್ಟಕದಲ್ಲಿ "ಈ ಗಿಡ ಇಷ್ಟು ಮಳೆಗೆ" ಅಂತ ಬರೆದಿರೋದರಲ್ಲಿ ಒಂದು ಪಾಲು "ಈ ಗಿಡ ಇಷ್ಟು ಕುರಿಗೆ" ಅಂತ ಇರಬಹುದು. ಹತ್ತು ಸಾವಿರ ವರ್ಷದ ಹಿಂದೆ ಅಲ್ಲಿ ಕಾಡುಯಾಕ್, ಕಿಯಾಂಗ್ ಕತ್ತೆಗಳು ಮೇಯ್ತಿದ್ದವು ನಿಜ, ಆದ್ರೆ ದೊಡ್ಡಿ ಕಟ್ಟಿದ ಮಂದೆ ಇರಲಿಲ್ಲ. ಜನವಸತಿ ಕಮ್ಮಿ ಇರೋ ಸರೋವರಗಳನ್ನೇ ಆರಿಸ್ಕೊಳ್ತಾರೆ, ಅದರಿಂದ ಇದು ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ.

ಸುಮ್ನೆಓದುಗ (9:33)

ದನ ಕಾಯೋನ ಪ್ರಶ್ನೆಗೆ ಪಿಎಚ್‌ಡಿ ಕೊಡಬೇಕು.

ಗಿರಿತೋಟ (ಮಧ್ಯಾಹ್ನ 1:20)

ಎಲ್ಲ ಓದಿದೆ. ಆದ್ರೆ ನನ್ನ ಮೂಲ ಪ್ರಶ್ನೆ ಹಾಗೇ ಕೂತಿದೆ. ಪ್ರತಿ ಸರೋವರಕ್ಕೂ "ಇವತ್ತಿನ ಮಳೆ ಇಷ್ಟು" ಅಂತ ಒಂದು ಅಂಕಿ ಬೇಕು ಅಂದ್ರಲ್ಲ. ಆ ನಿರ್ಜನ ಬೆಟ್ಟದಲ್ಲಿ ಪ್ರತಿ ಸರೋವರದ ಪಕ್ಕ ಯಾವ ಪುಣ್ಯಾತ್ಮ ಮಳೆಮಾಪಕ ಇಟ್ಟಿದ್ದಾನೆ?

ಕೆಸರುಕೊಳವೆ (ರಾತ್ರಿ 9:50)

ಯಾರೂ ಇಟ್ಟಿಲ್ಲ. ನಿಮ್ಮ ಅನುಮಾನ ಸರಿಯಾದ ಜಾಗಕ್ಕೆ ಬಿದ್ದಿದೆ ಅಂದದ್ದು ಇದಕ್ಕೇ.

ಟಿಬೆಟ್ ಪ್ರಸ್ಥಭೂಮಿ ಸುಮಾರು 25 ಲಕ್ಷ ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರ್‌ಗಿಂತ ದೊಡ್ಡ ಸರೋವರಗಳೇ ಸಾವಿರಕ್ಕೂ ಹೆಚ್ಚು. ಹವಾಮಾನ ಕೇಂದ್ರಗಳು ಊರಿರೋ ಕಡೆ, ಅಂದ್ರೆ ಪೂರ್ವದ ಭಾಗದಲ್ಲಿ, ಕಣಿವೆಗಳಲ್ಲಿ. ಪಶ್ಚಿಮಕ್ಕೆ ಹೋದಷ್ಟೂ ಖಾಲಿ. ಸರೋವರಕ್ಕೆ ಬೇಕಾದ ಅಂಕಿಯನ್ನ ದೂರದ ಕೇಂದ್ರಗಳಿಂದ ಲೆಕ್ಕ ಹಾಕಿ ಎಳೆದು ತರ್ತಾರೆ. ಉಷ್ಣತೆಗೆ ಇದು ನಡೆಯುತ್ತೆ, ಯಾಕಂದ್ರೆ ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತೆ ಅನ್ನೋ ಲೆಕ್ಕ ಇದೆ. ಮಳೆಗೆ ಅಂಥ ನಿಯಮ ಇಲ್ಲ, ನಿಮ್ಮ ತೋಟದಲ್ಲಿ ನೋಡಿದ್ದೀರಲ್ಲ: ಗುಡ್ಡದ ಯಾವ ಮಗ್ಗುಲು ಗಾಳಿಗೆ ಮುಖ ಮಾಡಿದೆ ಅನ್ನೋದೇ ಎಲ್ಲ. ಹಾಗಾಗಿ ಕೋಷ್ಟಕದ ಪರಾಗದ ಕಡೆ ನಾವು ಕಣ್ಣು ಹೋಗೋವರೆಗೆ ಎಣಿಸಿರ್ತೇವೆ, ಮಳೆಯ ಕಡೆ ಅಂದಾಜು ಬರೆದಿರ್ತೇವೆ. ಪ್ರಬಂಧಗಳಲ್ಲಿ ಪರಾಗದ ಬಗ್ಗೆ ಐದು ಪುಟ ಇದ್ದರೆ ಈ ಅಂದಾಜಿನ ಬಗ್ಗೆ ಒಂದು ಪ್ಯಾರಾ. ನನ್ನ ಪ್ರಬಂಧದಲ್ಲೂ ಹಾಗೇ ಇದೆ, ಒಪ್ಕೋತೇನೆ.

ಎತ್ತರದ ನಾಡಿಗೆ ಇನ್ನೊಂದು ಸ್ವಂತ ತೊಡಕಿದೆ. ಸರೋವರ ಬೋಗುಣಿಯ ತಳದಲ್ಲಿದೆ, ಸುತ್ತಲಿನ ಬೆಟ್ಟ ಅದಕ್ಕಿಂತ ಸಾವಿರ ಮೀಟರ್ ಎತ್ತರ ಇರಬಹುದು. ಮೇಲಿನ ಚಳಿಯ ಗಿಡ, ನಡುವಿನ ಜೇಕು ಬಯಲು, ಕೆಳಗಿನ ಹುಲ್ಲು, ಎಲ್ಲದರ ಪರಾಗವೂ ತೊರೆಯಲ್ಲಿ ಬಂದು ಒಂದೇ ತಳಕ್ಕೆ ಸೇರುತ್ತೆ. ಸಾಲದ್ದಕ್ಕೆ ಹಗಲು ಹೊತ್ತು ಕಣಿವೆಯಿಂದ ಮೇಲಕ್ಕೆ ಬೀಸೋ ಗಾಳಿ ಕೆಳಗಿನ ಕಾಡಿನ ಪರಾಗವನ್ನ ಹೊತ್ತು ತರುತ್ತೆ. ಪೈನ್ ಪರಾಗಕ್ಕಂತೂ ಎರಡು ಗಾಳಿಚೀಲಗಳೇ ಇವೆ, ನೂರಾರು ಕಿಲೋಮೀಟರ್ ತೇಲಿಬರುತ್ತೆ. ಕಣ್ಣು ಹಾಯಿಸಿದಷ್ಟು ದೂರ ಒಂದು ಮರವೂ ಇಲ್ಲದ ಸರೋವರದಲ್ಲಿ ನಾನು ಪೈನ್ ಎಣಿಸಿದ್ದೇನೆ.

ಹಾಗಾದ್ರೆ ಆ ಸರೋವರ ಹೇಳೋದು ಯಾವ ಎತ್ತರದ ಮಳೆ?

ಅಂಕಿಮನೆ (10:15)

ಪೈನ್ ವಿಷಯ ಇನ್ನೂ ಕೆಟ್ಟದ್ದು. ಶೇಕಡಾ ಲೆಕ್ಕ ಅಂದ್ರೆ ಒಟ್ಟು ಯಾವಾಗಲೂ 100. ಹಿಮಯುಗದಲ್ಲಿ ಚಳಿಗೆ, ಒಣಹವೆಗೆ ಸ್ಥಳೀಯ ಗಿಡ ಕಮ್ಮಿಯಾಯ್ತು, ಸ್ಥಳೀಯ ಪರಾಗ ಕುಸಿಯಿತು ಅನ್ನಿ. ದೂರದ ಪೈನ್ ಮೊದಲಿನಷ್ಟೇ ಬರ್ತಿದೆ. ಶೇಕಡಾದಲ್ಲಿ ಪೈನ್ ಪಾಲು ಏರುತ್ತೆ. ನೋಡಿದವರಿಗೆ ಕಾಡು ಬೆಳೆದ ಹಾಗೆ, ಮಳೆ ಬಂದ ಹಾಗೆ ಕಾಣುತ್ತೆ. ನಡೆದದ್ದು ಉಲ್ಟಾ.

ಕೆಸರುಕೊಳವೆ (10:28)

ಹೌದು. ಅದಕ್ಕೇ ಶೇಕಡಾದ ಜೊತೆ ನಿಜವಾದ ಸಂಖ್ಯೆಯೂ ಬೇಕು. ಅದಕ್ಕೆ ಒಂದು ಉಪಾಯ ಇದೆ. ಒಂದು ಮೂಟೆ ಅಕ್ಕಿಯಲ್ಲಿ ಎಷ್ಟು ಕಾಳಿದೆ ಅಂತ ಎಣಿಸೋಕಾಗಲ್ಲ. ಅದಕ್ಕೆ 10,000 ಹುರುಳಿ ಕಾಳು ಬೆರೆಸಿ, ಒಂದು ಹಿಡಿ ತೆಗೆದು ನೋಡಿ. ಆ ಹಿಡಿಯಲ್ಲಿ 300 ಅಕ್ಕಿಗೆ 100 ಹುರುಳಿ ಸಿಕ್ಕರೆ ಮೂಟೆಯಲ್ಲಿ 30,000 ಅಕ್ಕಿ. ನಾವು ಹುರುಳಿಯ ಬದಲು ಲೈಕೋಪೋಡಿಯಂ ಅನ್ನೋ ಹೂ ಬಿಡದ ಗಿಡದ ಬೀಜಕಣದ ಮಾತ್ರೆ ಹಾಕ್ತೇವೆ, ಒಂದು ಮಾತ್ರೆಯಲ್ಲಿ ಎಷ್ಟು ಕಣ ಅಂತ ಎಣಿಸಿಯೇ ಕಳಿಸಿರ್ತಾರೆ. ಒಟ್ಟು ಪರಾಗವೇ ಕುಸಿದ ಪದರದಲ್ಲಿ ಪೈನ್ ಪಾಲು ಏರಿದ್ದರೆ ಅದು ಕಾಡಲ್ಲ, ದೂರದ ಧೂಳು.

ಗುಂಡ್ಲುಪೇಟೆ ಗೇಟ್ (ಮಂಗಳವಾರ, ಬೆಳಿಗ್ಗೆ 6:55)

ಟಿಬೆಟ್ ದೂರ ಆಯ್ತು. ನಮ್ಮ ಪಕ್ಕದ ನೀಲಗಿರಿಯೂ ಎತ್ತರದ ನಾಡೇ, ದೊಡ್ಡಬೆಟ್ಟ 2,637 ಮೀಟರ್. ಅಲ್ಲಿ ಯಾರೂ ಇದನ್ನ ಮಾಡಿಲ್ವಾ? ಊಟಿ ಕೆರೆ ಇದೆಯಲ್ಲ.

ಕೆಸರುಕೊಳವೆ (8:20)

ಊಟಿ ಕೆರೆ ಜಾನ್ ಸಲ್ಲಿವನ್ ಕಟ್ಟಿಸಿದ್ದು, 1820ರ ದಶಕದ್ದು. ಅದಕ್ಕೆ ಇನ್ನೂರು ವರ್ಷದ ನೆನಪು ಮಾತ್ರ, ಅದರಲ್ಲೂ ಊಟಿಯ ಚರಂಡಿಯ ನೆನಪೇ ಹೆಚ್ಚು.

ನೀಲಗಿರಿಯಲ್ಲಿ ಸರೋವರದ ಕೆಲಸ ಮಾಡಿದ್ದು ಕಣಿವೆಗಳ ಜೌಗು. ಶೋಲಾ ಕಾಡು, ಹುಲ್ಲುಗಾವಲಿನ ನಡುವಿನ ತಗ್ಗಿನಲ್ಲಿ ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿದೆ. ಸ್ಯಾಂಡಿನಲ್ಲಾದ ಜೌಗು ಇದಕ್ಕೆ ಹೆಸರುವಾಸಿ. ಆದ್ರೆ ಅಲ್ಲಿ ಪರಾಗಕ್ಕೆ ಒಂದು ಗೋಡೆ ಅಡ್ಡ ಬರುತ್ತೆ. ಹುಲ್ಲಿನ ಪರಾಗವೆಲ್ಲ ಒಂದೇ ಥರ: ದುಂಡು, ಒಂದೇ ತೂತು. ಬತ್ತದ ಜಾತಿಯೋ, ಗರಿಕೆಯೋ, ಬೆಟ್ಟದ ಹುಲ್ಲೋ ಅಂತ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಹೇಳೋಕಾಗಲ್ಲ. ನೀಲಗಿರಿಯ ಕಥೆಯೆಲ್ಲ ಹುಲ್ಲಿನದೇ. ಹಸಿ ಕಾಲದ ಹುಲ್ಲು, ಒಣ ಕಾಲದ ಹುಲ್ಲು ಬೇರೆ ಬೇರೆ, ಪರಾಗಕ್ಕೆ ಎರಡೂ "ಹುಲ್ಲು".

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಜೊತೆಗಾರರು ಆ ಗೋಡೆ ಹತ್ತದೆ ಪಕ್ಕದಿಂದ ಹೋದರು. ಒಣ, ಬಿಸಿ ಜಾಗಕ್ಕೆ ಹೊಂದುವ ಹುಲ್ಲು ಗಾಳಿಯ ಇಂಗಾಲವನ್ನ ಹಿಡಿಯೋ ದಾರಿಯೇ ಬೇರೆ, ಹಾಗಾಗಿ ಅದರ ದೇಹದಲ್ಲಿ ಭಾರದ ಇಂಗಾಲ-13ರ ಪಾಲು ಮರ ಮತ್ತು ಹಸಿ ಜಾಗದ ಹುಲ್ಲಿಗಿಂತ ಹೆಚ್ಚು. ಜೌಗಿನ ಪದರಗಳಲ್ಲಿ ಅದನ್ನ ಅಳೆದು 20,000 ವರ್ಷದ ಮುಂಗಾರಿನ ಏರಿಳಿತವನ್ನ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಮಯುಗದ ಚಳಿ ನೆತ್ತಿಗೇರಿದ್ದಾಗ ಒಣ, ಆಮೇಲೆ ಮುಂಗಾರು ಬಲವಾಗಿ ಹಸಿ, ನಡುವೆ ಮತ್ತೆ ಒಣ. ಮಿಲಿಮೀಟರ್ ಹೇಳಲಿಲ್ಲ. ನನಗೆ ಆ ಸಂಯಮ ಇಷ್ಟ.

ಇವತ್ತಿನ ಪರಾಗದ ಕೆಲಸ ದಕ್ಷಿಣದಲ್ಲೂ ಆಗಿದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಘಟ್ಟದ ಬೇರೆ ಬೇರೆ ಎತ್ತರದ ಕಾಡುಗಳಲ್ಲಿ ಮೇಲ್ಮಣ್ಣು ತೆಗೆದು ಎಣಿಸಿದ್ದಾರೆ. ಮಳೆ ಹೆಚ್ಚು, ಕಮ್ಮಿ ಅನ್ನೋ ಗುರುತು ಅದರಲ್ಲಿ ಕಾಣುತ್ತೆ. ಆದ್ರೆ ಅದು ಮಣ್ಣು, ಸರೋವರ ಅಲ್ಲ. ಸೇರು-ಪಾವಿನ ತಕರಾರು ಇಲ್ಲೂ ಇದೆ.

ಕಾಳಿ ದಂಡೆ (8:44)

ಕಾರವಾರದ ಸಮುದ್ರದಲ್ಲಿ ಯಾರೋ ಪರಾಗ ತೆಗೆದಿದ್ರು ಅಂತ ಕೇಳಿದ ನೆನಪು. ಅದೇನು?

ಕೆಸರುಕೊಳವೆ (9:02)

ನಮ್ಮ ಜಿಲ್ಲೆಯ ಕಥೆಯನ್ನ ನಾನೇ ಮರೆತೆ ನೋಡಿ! ಕಾರವಾರದ ಆಚೆ ಸಮುದ್ರದ ತಳದಲ್ಲಿ ತೆಗೆದ ಕೊಳವೆ ಕೆಸರು. ಘಟ್ಟದ ಪರಾಗವನ್ನ ಕಾಳಿ ನದಿ ಹೊತ್ತು ಸಮುದ್ರಕ್ಕೆ ಹಾಕುತ್ತೆ, ಹಾಗಾಗಿ ಅದು ಇಡೀ ಕಣಿವೆಯ ದಾಖಲೆ. ಕರಾತಿನಿ ಮತ್ತು ಜೊತೆಗಾರರು 1991ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬರೆದರು: ಸುಮಾರು 3,500 ವರ್ಷದ ಹಿಂದೆ ಉತ್ತರ ಕನ್ನಡದ ಕಾಡಲ್ಲಿ ದೊಡ್ಡ ಬದಲಾವಣೆ, ಕಾಡಿನ ಪರಾಗ ಇಳಿದು ಬಯಲು ಹುಲ್ಲಿನದು ಏರಿದೆ. ಇಂಥ ಜಾಗ ಸಿಕ್ಕಾಗ ನನಗೆ ಯಾವಾಗಲೂ ಬರೋ ಪ್ರಶ್ನೆ: ಮಳೆ ಕಮ್ಮಿ ಆಯ್ತಾ, ಯಾರೋ ಕುಮರಿಗೆ (ಕಾಡು ಕಡಿದು ಸುಟ್ಟು ಮಾಡೋ ಬೇಸಾಯಕ್ಕೆ) ಬೆಂಕಿ ಹಾಕಿದ್ರಾ, ಎರಡೂನಾ? ಬರೀ ಪರಾಗ ಇದನ್ನ ಬಿಡಿಸಲ್ಲ. ಅದರ ಜೊತೆ ಇದ್ದಿಲಿನ ಚೂರೂ ಎಣಿಸಬೇಕು, ಬೇರೆ ಸಾಕ್ಷಿಯೂ ಬೇಕು.

ಅಂಕಿಮನೆ (9:30)

ಒಂದು ಮಾತು ಬಿಟ್ಟುಹೋಗಿದೆ. ಇವತ್ತಿನ ಕೋಷ್ಟಕದಲ್ಲಿ ಎಲ್ಲ ಸರೋವರಕ್ಕೂ ಗಾಳಿಯ ಇಂಗಾಲದ ಡೈಆಕ್ಸೈಡ್ ಒಂದೇ. ಈಗ ಅದು ದಶಲಕ್ಷಕ್ಕೆ 420 ದಾಟಿದೆ. ಹಿಮಯುಗದ ಚಳಿ ನೆತ್ತಿಗೇರಿದ್ದಾಗ, ಅಂದ್ರೆ ಸುಮಾರು 20,000 ವರ್ಷದ ಹಿಂದೆ, ಸುಮಾರು 190 ಇತ್ತು. ಅಷ್ಟು ಕಮ್ಮಿ ಇದ್ದಾಗ ಗಿಡ ಎಲೆಯ ರಂಧ್ರ ಹೆಚ್ಚು ತೆರೀಬೇಕು, ನೀರು ಹೆಚ್ಚು ಕಳ್ಕೊಳ್ಳುತ್ತೆ. ಅಂದ್ರೆ ಮಳೆ ಅಷ್ಟೇ ಬಂದಿದ್ರೂ ಒಣ ಜಾಗದ ಗಿಡಗಳೇ ಗೆಲ್ತವೆ. ಕೋಷ್ಟಕ ಅದನ್ನ "ಮಳೆ ಕಮ್ಮಿ" ಅಂತ ಓದುತ್ತೆ. ಇವತ್ತಿನ ಎಷ್ಟು ಸರೋವರ ಸೇರಿಸಿದ್ರೂ ಈ ತಪ್ಪು ಸರಿಹೋಗಲ್ಲ, ಯಾಕಂದ್ರೆ 190 ಇರೋ ಸರೋವರ ಭೂಮಿ ಮೇಲೆ ಈಗ ಇಲ್ಲ.

ಹಾಗಾಗಿ ನನಗೆ ಈ 10,000 ವರ್ಷದೊಳಗಿನ ಅಂಕಿಗಳ ಮೇಲೆ ಒಂದು ಮಟ್ಟದ ನಂಬಿಕೆ. 20,000ಕ್ಕೆ ಹೋದರೆ ದಿಕ್ಕು ನಂಬ್ತೇನೆ, ಅಂಕಿ ನಂಬಲ್ಲ.

ಗಿರಿತೋಟ (ರಾತ್ರಿ 8:10)

ಮೂರು ದಿನದಲ್ಲಿ ಒಂದು ಕೋರ್ಸೇ ಆಯ್ತು. ಈಗ ನನ್ನ ಸ್ವಾರ್ಥದ ಪ್ರಶ್ನೆ. ನಮ್ಮಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ. ಒಂದು ಕೆರೆಯೂ ಇದೆ, ಗುಡ್ಡದ ತಲೆಯಲ್ಲಿ ಒಂದು ಜೌಗೂ ಇದೆ. ಅಂದ್ರೆ ಮೇಡಂ ಹೇಳಿದ ಕೋಷ್ಟಕದ ಒಂದು ಸಾಲಿಗೆ ಬೇಕಾದ ಎರಡೂ ನನ್ನ ಹತ್ರ ಇದೆ, ಅಂದಾಜಲ್ಲ, ಅಳತೆ. ಕೆರೆ ಕೆಸರು ಕಳಿಸ್ಲಾ?

ಕೆಸರುಕೊಳವೆ (8:26)

ಮೊದಲು ಹೇಳಿ, ಕೆರೆ ಹೂಳು ಎತ್ತಿಸಿದ್ದು ಯಾವಾಗ?

ಗಿರಿತೋಟ (8:31)

ಹೋದ ಬೇಸಿಗೆಲಿ. ಜೆಸಿಬಿ ಬಿಟ್ಟು 😬 ಹೂಳೆಲ್ಲ ತೋಟಕ್ಕೇ ಹಾಕಿದ್ವಿ.

ಕೆಸರುಕೊಳವೆ (8:49)

ಹಾಗಾದ್ರೆ ನಿಮ್ಮ ಕೆರೆಯ ಇತಿಹಾಸ ಕಾಫಿ ಗಿಡದ ಬುಡದಲ್ಲಿದೆ. ಬೇಜಾರು ಮಾಡ್ಕೋಬೇಡಿ, ಕರ್ನಾಟಕದ ಬಹುಪಾಲು ಕೆರೆಗಳ ಕಥೆ ಇದೇ. ಹೂಳೆತ್ತೋದು ಕೆರೆಗೆ ಒಳ್ಳೇದು, ನಮಗೆ ಮಾತ್ರ ಕೆಟ್ಟದ್ದು.

ಜೌಗು ಚೆನ್ನಾಗಿದ್ರೆ ಅದು ಬಂಗಾರ. ಒಂದೇ ಜಾಗದಿಂದ ಕೋಷ್ಟಕ ಆಗಲ್ಲ, ನಿಜ. ಆದ್ರೆ ನಿಮ್ಮ ಕಡೆ ಮಳೆ ಪುಸ್ತಕ ಇಟ್ಟಿರೋ ತೋಟಗಳು ಎಷ್ಟಿವೆ? ಮಾಗುಂಡಿ, ಕೊಪ್ಪ, ಸಕಲೇಶಪುರ, ಮಡಿಕೇರಿ… ಘಟ್ಟದ ನೆತ್ತಿಯಿಂದ ಮೂಡಣದ ಬಯಲು ಸೀಮೆ ಅಂಚಿನವರೆಗೆ ಮಳೆ ಎಷ್ಟು ಬೇಗ ಇಳಿಯುತ್ತೆ ಅಂತ ನಿಮಗೇ ಗೊತ್ತು. ಟಿಬೆಟ್‌ನವರಿಗೆ ಪರಾಗ ಇದೆ, ಮಳೆಮಾಪಕ ಇಲ್ಲ. ನಮ್ಮಲ್ಲಿ ಮಳೆಮಾಪಕ ತೋಟಕ್ಕೊಂದು.

ಇನ್ನೊಂದು ಲಾಭ ಇದೆ. ಯೂಕಲಿಪ್ಟಸ್ ನೀಲಗಿರಿಗೆ ಬಂದದ್ದು 1843ರಲ್ಲಿ. ನೆರಳಿಗೆ ಹಾಕಿದ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದ್ದೇ. ಜೌಗಿನ ಪದರದಲ್ಲಿ ಇವುಗಳ ಪರಾಗ ಮೊದಲು ಕಾಣೋ ಜಾಗದಿಂದ ಮೇಲೆಲ್ಲ ತೋಟಗಳ ಕಾಲ, ಕೆಳಗೆ ಅದಕ್ಕಿಂತ ಹಿಂದಿನದು. ಕಾಸು ಖರ್ಚಿಲ್ಲದ ಕ್ಯಾಲೆಂಡರ್. ಅದರ ಮೇಲೆ ಸೀಸ-210 (ಕಾಲ ಕಳೆದಂತೆ ಕಮ್ಮಿಯಾಗೋ ವಿಕಿರಣಶೀಲ ಸೀಸ ಅಳೆದು ಪದರದ ವಯಸ್ಸು ಹೇಳೋ ಪರೀಕ್ಷೆ) ಮಾಡಿಸಿದ್ರೆ ನೂರು ನೂರೈವತ್ತು ವರ್ಷದ ಲೆಕ್ಕ ಇನ್ನೂ ಗಟ್ಟಿಯಾಗುತ್ತೆ. ಟಿಬೆಟ್‌ನ ಸರೋವರಗಳಲ್ಲಿ ಇಂಗಾಲ-14 ಬಳಸುವಾಗ ಸುಣ್ಣಕಲ್ಲಿನ ಹಳೇ ಇಂಗಾಲ ಸೇರ್ಕೊಂಡು ವಯಸ್ಸು ಸಾವಿರಾರು ವರ್ಷ ಹೆಚ್ಚು ತೋರಿಸೋ ರಗಳೆ ಇದೆ. ನಿಮ್ಮ ಜೌಗಲ್ಲಿ ಆ ಕಾಟ ಇರಲಾರದು.

ನಾನೇ ಬರ್ತೇನೆ, ಮಳೆಗಾಲ ಮುಗೀಲಿ. ಅಲ್ಲಿವರೆಗೆ ಎರಡು ಮಾತು. ಜೌಗಿಗೆ ದನ ಬಿಡಬೇಡಿ. ಮತ್ತೆ ದಯವಿಟ್ಟು ಆಳ ನೋಡೋಕೆ ಅಂತ ಕೋಲು ಗೀಲು ಚುಚ್ಚಬೇಡಿ, ಪದರ ಕಲಸಿಹೋಗುತ್ತೆ.

ಬೈಲುಕುಪ್ಪೆ ಪಕ್ಕದವ (9:03)

ನಮ್ಮ ಮಾವಂದಿರ ತೋಟ ಸೋಮವಾರಪೇಟೆ ಹತ್ರ. ಅವರೂ ಮಳೆ ಬರೆದಿಡ್ತಾರೆ. ಕೇಳಿ ಹೇಳ್ತೀನಿ.

ಗಿರಿತೋಟ (ಬುಧವಾರ, ಬೆಳಿಗ್ಗೆ 10:35)

ಮೇಡಂ, ಕೊನೆ ಸಾಲು ಈಗ ನೋಡಿದೆ. ಬೆಳಿಗ್ಗೆ ಎದ್ದವನೇ ರೈಟರ್‌ನ ಕರ್ಕೊಂಡು ಹೋಗಿ ಅಡಿಕೆ ಕೊಯ್ಯೋ ದೋಟಿ ಇಳಿಸಿ ನೋಡಿಬಿಟ್ಟೆ. ಹನ್ನೊಂದು ಅಡಿ ಹೋಯ್ತು, ಇನ್ನೂ ಕಲ್ಲು ಸಿಗಲಿಲ್ಲ. ಖುಷಿಗೆ ಮೂರು ಕಡೆ ಇಳಿಸಿದೆ.

ಕೆಸರುಕೊಳವೆ (10:41)

ಹನ್ನೊಂದು ಅಡಿ!!

ಆ ಮೂರೂ ಕಡೆ ಒಂದೊಂದು ಗೂಟ ನೆಟ್ಟು ಗುರುತು ಮಾಡಿ. ಅವುಗಳಿಂದ ಹತ್ತು ಅಡಿ ಆಚೆ ತೆಗೆಯೋಣ. ಮತ್ತೆ ಆ ದೋಟಿ ಮನೆಯೊಳಗೆ ಬೀಗ ಹಾಕಿಡಿ.